ಇಟ್ಟಿಗೆಯಲ್ಲಿ ದೇಸಿ: ಡಚ್ಚರ ಗಾಥಿಕ್ ಇಗರ್ಜಿಗಳ ವಿಷಯವಾಗಿ ಕೆಲವು ವಿಚಾರಗಳು

ಗಾಥಿಕ್ ವಾಸ್ತುಶೈಲಿಯೆಂದರೆ ಕಲ್ಲಿನ ಶೈಲಿಯೆಂದು ನಾವೆಲ್ಲರೂ ಓದಿಕೊಂಡು ಬಂದಿದ್ದೇವೆ. ಫ್ರಾನ್ಸಿನ ಸಾಂ ದನೀ ಮಠದಲ್ಲಿ 1144ರಲ್ಲಿ ಪ್ರತಿಷ್ಠಿತವಾದ ಗರ್ಭಭಾಗದಿಂದ ಹೊರಟು, ಷಾರ್ತ್ರ್, ಆಮಿಯಾಂ, ಕಲೋನ್ ಮುಂತಾದ ಮಹಾಮಂದಿರಗಳಲ್ಲಿ ಪರಿಪಾಕಕ್ಕೆ ಬಂದ ಈ ಶೈಲಿಗೆ ಮೊನೆಗಮಾನು, ಏಣುಗಳುಳ್ಳ ಕಮಾನುಚಾವಣಿ, ಮೇಲಿನ ಒತ್ತಡವನ್ನು ಹೊರಗಿನಿಂದ ಆತುಕೊಳ್ಳುವ ಹಾರುಗಮಾನು ಎಂಬ ಮೂರು ಮುಖ್ಯಾಂಗಗಳು. ಇವುಗಳ ನೆರವಿನಿಂದ ಗೋಡೆಯು ಗಾಜಿಗೆ ಎಡೆಮಾಡಿಕೊಟ್ಟಿತು. ಕಲ್ಲು ತನ್ನ ಭಾರವನ್ನು ಮರೆತು ಮೇಲಕ್ಕೇರಿತು. ಈ ಮಾತೆಲ್ಲವೂ ದಿಟವೇ. ಆದರೆ ಕಲ್ಲೇ ಇಲ್ಲದ ದೇಶದವರು ಈ ಶೈಲಿಯನ್ನು ಕಂಡು ಮೆಚ್ಚಿದರೆ ಏನು ಮಾಡಬೇಕು? ನೆದರ್ಲೆಂಡ್ಸ್ ದೇಶದವರು ಈ ಪ್ರಶ್ನೆಗೆ ಇಟ್ಟಿಗೆಯಿಂದ ಉತ್ತರ ಕೊಟ್ಟರು. ಆ ಉತ್ತರವನ್ನು ವಿಮರ್ಶಕರು ಬಹುಕಾಲ ಬಡವರ ಅನುಕರಣವೆಂದು ತಳ್ಳಿಹಾಕಿದರು. ಅನಂತರ ಬಂದ ಮತ್ತೊಂದು ಗುಂಪಿನವರು ಅದನ್ನೇ ರಾಷ್ಟ್ರದ ಪ್ರಾಮಾಣಿಕತೆಯ ಹೆಗ್ಗುರುತೆಂದು ಕೊಂಡಾಡಿದರು. ಚಿತ್ರಪಟಗಳನ್ನೂ ನಕ್ಷೆಗಳನ್ನೂ ಮುಂದಿಟ್ಟುಕೊಂಡು ಹಲವು ತಿಂಗಳು ಪರಿಶೀಲಿಸಿದ ಮೇಲೆ ಈ ಎರಡು ಮತಗಳೂ ನನಗೆ ಸಮ್ಮತವಾಗಲಿಲ್ಲ. ಅದರ ಕಾರಣಗಳನ್ನು ವಾಚಕಮಹಾಶಯರ ಮುಂದೆ ನಿವೇದಿಸುತ್ತೇನೆ.

ಈ ವಿಷಯವನ್ನು ನಿರ್ಣಯಿಸಲು ಕನ್ನಡಿಗನಾದವನಿಗೆ ಹೊರಗಿನ ಅಳತೆಗೋಲು ಬೇಕಾಗಿಲ್ಲ. ಕವಿರಾಜಮಾರ್ಗದ ಕಾಲದಿಂದ ನಮ್ಮವರು ಮಾರ್ಗವೆಂದೂ ದೇಸಿಯೆಂದೂ ಎರಡು ಮಾತುಗಳನ್ನು ಬಳಸುತ್ತ ಬಂದಿದ್ದಾರೆ. ಎಲ್ಲೆಡೆಯೂ ಮಾನ್ಯವಾದ, ಶಾಸ್ತ್ರಸಿದ್ಧವಾದ ರೀತಿ ಮಾರ್ಗ. ಆಯಾ ನೆಲದ ನುಡಿಗೂ ನಡೆಗೂ ಹೊಂದಿ ಹುಟ್ಟಿದ್ದು ದೇಸಿ. ದೇಸಿಯೆಂಬುದು ಕೆಟ್ಟುಹೋದ ಮಾರ್ಗವಲ್ಲ. ಸಂಸ್ಕೃತದ ವೃತ್ತ ಬಾರದವನು ರಗಳೆ ಬರೆದನೆಂದು ಯಾರಾದರೂ ಹೇಳಿದರೆ ನಾವು ನಗುವೆವಷ್ಟೆ. ಗಾಥಿಕ್ ಶೈಲಿಗೂ ಹೀಗೆಯೇ ಒಂದು ಮಾರ್ಗವಿತ್ತು, ಹಲವು ದೇಸಿಗಳಿದ್ದವು. ಡಚ್ ಪಂಡಿತರೇ ತಮ್ಮ ನಾಡಿನ ಗಾಥಿಕ್ಕನ್ನು ಪ್ರದೇಶಾನುಸಾರವಾಗಿ ವಿಂಗಡಿಸಿ ಬ್ರಬಾಂಟಿನದು, ಕೆಂಪೆನ್ ಸೀಮೆಯದು, ಹಾಲೆಂಡಿನದು, ಉತ್ತರದ ಗ್ರೋನಿಂಗೆನ್ ಸೀಮೆಯದು ಎಂದು ಬೇರೆಬೇರೆ ಹೆಸರುಗಳನ್ನು ಕೊಟ್ಟಿರುವರು. ಬ್ರಬಾಂಟಿನ ರೀತಿ ಬಹುಮಟ್ಟಿಗೆ ಕಲ್ಲಿನದು, ಫ್ರಾನ್ಸಿನ ಮಾರ್ಗಕ್ಕೆ ಹತ್ತಿರವಾದದ್ದು. ಅದನ್ನು ಇಲ್ಲಿ ಬಿಡುತ್ತೇನೆ. ಉಳಿದವುಗಳಲ್ಲಿ ಇಟ್ಟಿಗೆಯೇ ಪ್ರಧಾನ.

ನೆದರ್ಲೆಂಡ್ಸಿನ ಬಹುಭಾಗವು ನದಿಗಳೂ ಸಮುದ್ರವೂ ತಂದು ಸುರಿದ ಮಣ್ಣು. ದಕ್ಷಿಣದ ತುದಿಯೊಂದನ್ನು ಬಿಟ್ಟರೆ ಕಟ್ಟಡಕ್ಕೆ ಯೋಗ್ಯವಾದ ಬಂಡೆ ಸಿಗುವುದು ದುರ್ಲಭ. ರೋಮನ್ ಸೈನ್ಯದವರು ನೈಮೇಗನ್ ಪಟ್ಟಣದ ಬಳಿ ಇಟ್ಟಿಗೆ ಹೆಂಚುಗಳನ್ನು ಸುಡುತ್ತಿದ್ದರು. ಅವರು ಹೊರಟುಹೋದ ಮೇಲೆ ಆ ವಿದ್ಯೆಯೂ ಹೋಯಿತು. ಮುಂದೆ ಶತಮಾನಗಳವರೆಗೆ ಇಗರ್ಜಿಗೆ ಕಲ್ಲು ಬೇಕಾದರೆ ಜರ್ಮನಿಯ ಐಫೆಲ್ ಬೆಟ್ಟಗಳಿಂದ, ಜ್ವಾಲಾಮುಖಿಯ ಬೂದಿ ಗಟ್ಟಿಗೊಂಡು ಆದ ಟಫ್ ಎಂಬ ಕಲ್ಲನ್ನು ರೈನ್ ನದಿಯ ದೋಣಿಗಳಲ್ಲಿ ತರಿಸಬೇಕಾಗಿತ್ತು. ಹನ್ನೆರಡನೆಯ ಶತಮಾನದ ಉತ್ತರಾರ್ಧದಲ್ಲಿ ಇಟ್ಟಿಗೆ ಮರಳಿ ಬಂದಿತು. ಸಿಸ್ಟರ್ಸಿಯನ್ ಮೊದಲಾದ ಪಂಥಗಳ ಸಂನ್ಯಾಸಿಗಳು ಇದರಲ್ಲಿ ಮುಂದಾಳುಗಳಾಗಿದ್ದರೆಂದು ಪ್ರತೀತಿ. ಆ ಕಾಲದ ದೊಡ್ಡ ಇಟ್ಟಿಗೆಗೆ ಡಚ್ಚರು ಈಗಲೂ ಮಠದ ಹೆಸರನ್ನೇ ಸೇರಿಸಿ ಕರೆಯುವರು; ಅದರ ಉದ್ದ ಸುಮಾರು 30 ಸೆಂಟಿಮೀಟರು, ದಪ್ಪ ಎಂಟೊಂಬತ್ತು ಸೆಂಟಿಮೀಟರು. ಜೇಡಿ ಕಾಲಡಿಯಲ್ಲೇ ಇತ್ತು. ಸುಡಲು ಜೌಗುನೆಲದಿಂದ ಕಡಿದು ಒಣಗಿಸಿದ ಪೀಟ್ ಎಂಬ ಕರಿಮಣ್ಣು ಇತ್ತು. ಸಾಗಿಸಲು ಕಾಲುವೆಗಳಿದ್ದವು. ಹೀಗೆ ನೆಲ, ಬೆಂಕಿ, ನೀರು ಮೂರೂ ಊರಿನವೇ ಆದ ಮೇಲೆ ಈ ಕಟ್ಟಡಗಳನ್ನು ಪರಕೀಯವೆನ್ನಲು ಕಾರಣವಿಲ್ಲ.

ಇಲ್ಲಿ ಇಟ್ಟಿಗೆಯ ಸ್ವಭಾವದ ಬಗೆಗೆ ಒಂದೆರಡು ಮಾತು ಅವಶ್ಯಕ. ಶಿಲ್ಪಿಯು ಕಲ್ಲನ್ನು ಗೋಡೆಗೆ ಏರಿಸಿದ ಮೇಲೂ ಕೊರೆಯಬಲ್ಲನು; ಒಂದು ಕಂಬದ ಬೋದಿಗೆಯಂತೆ ಮತ್ತೊಂದಿರದಂತೆ ನೋಡಿಕೊಳ್ಳಬಲ್ಲನು. ಇಟ್ಟಿಗೆಯು ಅಚ್ಚಿನಲ್ಲಿ ಹುಟ್ಟುವುದು. ಅದರ ಆಕಾರ ಬೆಂಕಿಗೆ ಹೋಗುವ ಮೊದಲೇ ನಿಶ್ಚಿತವಾಗಿರಬೇಕು; ದುಂಡನೆಯ ಅಂಚು ಬೇಕಾದರೆ ದುಂಡನೆಯ ಅಚ್ಚನ್ನೇ ಮಾಡಬೇಕು. ಆದುದರಿಂದ ಇಟ್ಟಿಗೆಯ ಅಲಂಕಾರವು ಕೊರೆತದಿಂದ ಬರುವುದಲ್ಲ, ಜೋಡಣೆಯಿಂದಲೂ ಆವೃತ್ತಿಯಿಂದಲೂ ಬರುವುದು. ಗಣಗಳಿಂದ ಪದ್ಯ ಹೇಗೋ ಇಟ್ಟಿಗೆಗಳಿಂದ ಗೋಡೆ ಹಾಗೆ. ಉತ್ತರದೇಶಗಳ ಮಧ್ಯಯುಗದ ಗೋಡೆಗಳಲ್ಲಿ ಒಂದು ಜೋಡಣೆಯುಂಟು, ಸಂನ್ಯಾಸಿಗಳ ಜೋಡಣೆಯೆಂದು ಅದಕ್ಕೆ ಹೆಸರು: ಸಾಲಿನಲ್ಲಿ ಎರಡು ಇಟ್ಟಿಗೆಗಳ ಉದ್ದಮುಖ, ಬಳಿಕ ಒಂದರ ಗಿಡ್ಡಮುಖ, ಮತ್ತೆ ಎರಡು ಉದ್ದ, ಒಂದು ಗಿಡ್ಡ. ಎರಡು ಗುರು, ಒಂದು ಲಘು. ಛಂದಸ್ಸನ್ನು ಬಲ್ಲವರು ಇದನ್ನು ನೋಡಿದೊಡನೆಯೇ ತಗಣವೆಂದು ಗುರುತಿಸುವರು! ನಮ್ಮ ಶುಲ್ಬಸೂತ್ರಕಾರರೂ ಯಜ್ಞವೇದಿಯ ಇಟ್ಟಿಗೆಗಳನ್ನು ಹೊಂದಿಸುವಾಗ ಒಂದು ಪದರದ ಸಂದಿನ ಮೇಲೆ ಮತ್ತೊಂದು ಪದರದ ಸಂದು ಬೀಳಬಾರದೆಂದು ವಿಧಿಸಿದ್ದರು. ಡಚ್ ಮೇಸ್ತ್ರಿಗೆ ಆ ಸೂತ್ರಗಳು ತಿಳಿದಿರಲಿಲ್ಲ. ತಿಳಿಯಬೇಕಾಗಿಯೂ ಇರಲಿಲ್ಲ, ಏಕೆಂದರೆ ಇಟ್ಟಿಗೆಯೇ ಅವನಿಗೆ ಆ ಪಾಠವನ್ನು ಹೇಳಿಕೊಟ್ಟಿತು.

ಈಗ ಉತ್ತರದ ಗ್ರೋನಿಂಗೆನ್ ಸೀಮೆಗೆ ಬರೋಣ. ನನ್ನ ಅಭಿಪ್ರಾಯದಲ್ಲಿ ಡಚ್ಚರ ದೇಸಿ ಗಾಥಿಕ್ಕಿನ ಸಾರವೆಲ್ಲ ಇರುವುದು ಇಲ್ಲಿಯೇ. ಸಮುದ್ರಕ್ಕೆ ಹೊಂದಿದ ಈ ಸಮತಟ್ಟಾದ ಜೇಡಿನೆಲದಲ್ಲಿ ಕಟ್ಟೆಗಳು ಬರುವ ಮೊದಲು ನೆರೆನೀರಿನಿಂದ ತಪ್ಪಿಸಿಕೊಳ್ಳುವುದಕ್ಕಾಗಿ ಜನರು ಮಣ್ಣಿನ ದಿಬ್ಬಗಳನ್ನು ಎತ್ತಿಕೊಂಡು ವಾಸಮಾಡುತ್ತಿದ್ದರು. ಹಲವು ಊರುಗಳ ಇಗರ್ಜಿ ಆ ದಿಬ್ಬದ ಮೇಲೆಯೇ ನಿಂತಿರುವುದು. ಸ್ಟೇಡಮ್, ಲಾಪರ್ಸಮ್, ಜಾಯ್ಡ್‌ಬ್ರೂಕ್, ನೋರ್ಡ್‌ಬ್ರೂಕ್, ಹಾಯ್ಜಿಂಗೆ, ಜೇರೈಪ್ ಇವೆಲ್ಲ ಸಣ್ಣ ಊರುಗಳು. ರಾಜಧಾನಿಗಳಲ್ಲ, ಬಿಷಪ್ಪರ ಪೀಠಗಳೂ ಅಲ್ಲ. ಇಲ್ಲಿನ ಹದಿಮೂರನೆಯ ಶತಮಾನದ ಶೈಲಿಗೆ ಪಂಡಿತರು ರೊಮಾನೋಗಾಥಿಕ್ ಎಂಬ ಜೋಡುಹೆಸರನ್ನು ಇಟ್ಟಿದ್ದಾರೆ. ಹಿಂದಿನ ರೊಮನೆಸ್ಕ್ ರೀತಿಯ ದಪ್ಪ ಗೋಡೆ, ದುಂಡುಗಮಾನು ಇವನ್ನು ಬಿಡದೆ, ಹೊಸ ಗಾಥಿಕ್ಕಿನ ಮೊನೆಗಮಾನು, ಏಣು ಇವನ್ನು ಸೇರಿಸಿಕೊಂಡದ್ದರಿಂದ ಆ ಹೆಸರು. ಕಲೋನಿನ ಮಹಾಮಂದಿರಕ್ಕೆ 1248ರಲ್ಲಿ ಅಸ್ತಿಭಾರ ಬಿದ್ದ ಕಾಲದಲ್ಲಿಯೂ ಇಲ್ಲಿನವರು ದುಂಡುಗಮಾನನ್ನು ಹಿಡಿದುಕೊಂಡಿದ್ದರಲ್ಲ, ಇವರು ಹಿಂದುಳಿದವರು ಎಂಬುದು ಹಳೆಯ ಆಕ್ಷೇಪ.

ಆಕ್ಷೇಪಿಸುವವರು ಕಟ್ಟಡದ ವರ್ಷವನ್ನು ನೋಡಿದರೇ ಹೊರತು ಕಟ್ಟಡವನ್ನು ನೋಡಲಿಲ್ಲ. ಜಾಯ್ಡ್‌ಬ್ರೂಕಿನ ಇಗರ್ಜಿಯನ್ನೇ ತೆಗೆದುಕೊಳ್ಳೋಣ. ಶಿಲುಬೆಯಾಕಾರದ ತಳವಿನ್ಯಾಸ, ಬೇರೆಯಾಗಿ ನಿಂತ ಗೋಪುರ. ಹೊರಗೋಡೆಯಲ್ಲಿ ಕಿಟಕಿಗಳ ಜೊತೆಗೆ ಕಿಟಕಿಯಂತೆಯೇ ತೋರುವ ಕುರುಡುಗೂಡುಗಳು. ಅವುಗಳ ಅಂಚಿಗೆ ಅಚ್ಚಿನಲ್ಲಿ ತೆಗೆದ ದುಂಡು ಇಟ್ಟಿಗೆಗಳ ದಂಡೆ. ಗೂಡುಗಳ ಒಳಮೈಯಲ್ಲಿ ಇಟ್ಟಿಗೆಗಳನ್ನು ಓರೆಯಾಗಿಟ್ಟು ಮೀನಿನ ಮುಳ್ಳಿನಂತೆ ಕೂಡಿಸಿದ ಹೆಣಿಗೆ. ಒಂದು ಬೊಂಬೆಯಿಲ್ಲ, ಬಳ್ಳಿಯಿಲ್ಲ, ಸಿಂಹಮುಖವಿಲ್ಲ. ಗೋಡೆಯನ್ನು ಕಟ್ಟಿದ ವಸ್ತುವಿನಿಂದಲೇ ಗೋಡೆಯನ್ನು ಸಿಂಗರಿಸಿದ್ದಾರೆ. ಫ್ರಾನ್ಸಿನ ಗಾಥಿಕ್ಕು ಗೋಡೆಯನ್ನು ಇಲ್ಲವಾಗಿಸಲು ಹೊರಟಿತು. ಈ ಗಾಥಿಕ್ಕು ಗೋಡೆಯನ್ನು ಓದಬಹುದಾದ ಪುಟವನ್ನಾಗಿ ಮಾಡಲು ಹೊರಟಿತು. ಉದ್ದೇಶವೇ ಬೇರೆಯಾದ ಮೇಲೆ ಒಂದರ ಮಾನದಿಂದ ಇನ್ನೊಂದನ್ನು ಅಳೆಯುವುದು ಔಚಿತ್ಯವಲ್ಲ. ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದದ್ದು ಇಂಥ ಕಡೆಯೇ ನೆನಪಿಗೆ ಬರುವುದು. ಮೃದುವಾದ ಜೇಡಿಯ ಮೇಲೆ, ಕಡಲಗಾಳಿಗೆ ಮೈಯೊಡ್ಡಿ, ಮುರಿಯದೆ ನಿಲ್ಲಬೇಕಾದ ಹಳ್ಳಿಯ ಇಗರ್ಜಿಗೆ ಗಾಜಿನ ಗೋಡೆಯೂ ಹಾರುಗಮಾನೂ ಅನುಚಿತವೇ ಸರಿ.

ಹಾಗೆಂದು ಇವುಗಳಲ್ಲಿ ದೋಷವೇ ಇಲ್ಲವೆಂದು ನಾನು ಹೇಳುವುದಿಲ್ಲ. ತ್ರಿಕೋನಾಕಾರದ ಮೇಲ್ಮುಖಗಳಲ್ಲಿ ಕೆಲವೊಮ್ಮೆ ಗೂಡಿನ ಪಕ್ಕಕ್ಕೆ ಗೂಡು, ಅದರ ಮೇಲೆ ಮತ್ತೊಂದು ಗೂಡು ಎಂದು ಒತ್ತೊತ್ತಾಗಿ ತುಂಬಿ ಪುನರುಕ್ತಿದೋಷಕ್ಕೆ ಎಡೆಮಾಡಿದ್ದಾರೆ. ಒಳಗಿನ ಚಾವಣಿಯ ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು. ಗ್ರೋನಿಂಗೆನ್ ಸೀಮೆಯ ಬಹುಭಾಗ ಹಿಂದೆ ಜರ್ಮನಿಯ ಮುನ್ಸ್ಟರ್ ಬಿಷಪ್ಪನ ಆಡಳಿತಕ್ಕೆ ಸೇರಿತ್ತು. ಅತ್ತಣಿಂದಲೇ, ವೆಸ್ಟ್‌ಫೇಲಿಯ ಪ್ರಾಂತದಿಂದ, ಗುಮ್ಮಟದಂತೆ ನಡುವೆ ಉಬ್ಬಿದ ಚಾವಣಿಯ ರೀತಿ ಬಂದಿತು. ಅರ್ಧ ಕೊಯ್ದ ಕರಬೂಜದಂತೆ ಕಾಣುವ ಈ ಗುಮ್ಮಟಗಳ ಒಳಮೈಯಲ್ಲಿ ಎಂಟೆಂಟು ಏಣುಗಳು ಇಳಿದುಬರುವುವು. ಫ್ರಾನ್ಸಿನ ಚಾವಣಿಯಲ್ಲಿ ಏಣು ಆಕಾರವನ್ನು ಹಿಡಿದಿಡುವ ಅಂಗ. ಇಲ್ಲಿಯಾದರೋ ಗುಮ್ಮಟ ತಾನೇ ತನ್ನನ್ನು ಹೊತ್ತುಕೊಳ್ಳುವುದರಿಂದ ಏಣುಗಳು ಬಹುಮಟ್ಟಿಗೆ ಅಲಂಕಾರಕ್ಕಾಗಿ ಇವೆ. ಪದ್ಯದಲ್ಲಿ ಪಾದಪೂರಣಕ್ಕೆ ಹಾಕುವ ಚ, ವೈ, ತು, ಹಿಗಳಂತೆ ಇವು ನಿರರ್ಥಕವೇ ಎಂದು ಒಮ್ಮೆ ಶಂಕಿಸಿದೆ. ಆದರೆ ಬೋಳು ಗುಮ್ಮಟವನ್ನು ಕಲ್ಪಿಸಿಕೊಂಡು ನೋಡಿ: ಕಣ್ಣಿಗೆ ನಿಲ್ಲಲು ನೆಲೆಯಿಲ್ಲ. ಏಣುಗಳು ಆ ಉಬ್ಬನ್ನು ಎಣಿಸಲು ನೆರವಾಗುವುವು. ಹೊರೆಯನ್ನು ಹೊರದಿದ್ದರೂ ದೃಷ್ಟಿಯನ್ನು ಹೊರುವುವು ಎಂದಾದರೂ ಹೇಳಬಹುದು.

ಆಡುವಾರ್ಡ್ ಎಂಬಲ್ಲಿ 1192ರಲ್ಲಿ ಸ್ಥಾಪಿತವಾದ ಸಿಸ್ಟರ್ಸಿಯನ್ ಮಠವು ಈ ಸೀಮೆಯ ವಿದ್ಯಾಕೇಂದ್ರವಾಗಿತ್ತು. 1580ರ ಯುದ್ಧದಲ್ಲಿ ಅದು ನಾಶವಾಯಿತು. ಮಠದ ದೊಡ್ಡ ಇಗರ್ಜಿ ಹೋಗಿ, ರೋಗಿಗಳ ಆರೈಕೆಗೆಂದು ಕಟ್ಟಿದ್ದ ಶಾಲೆ ಮಾತ್ರ ಉಳಿದು, ಈಗ ಅದೇ ಊರಿನ ಇಗರ್ಜಿಯಾಗಿದೆ.

ಇನ್ನು ಜೇರೈಪ್. ಹದಿನಾಲ್ಕನೆಯ ಶತಮಾನದ ಈ ಇಗರ್ಜಿಯಲ್ಲಿಯೂ ಗೋಪುರ ಬೇರೆ, ಮಂದಿರ ಬೇರೆ. ಹೊರಗಿನಿಂದ ನೋಡಿದರೆ ನೆರೆಯೂರುಗಳ ಇಗರ್ಜಿಗಳಿಗಿಂತ ಇದು ಹೆಚ್ಚು ಎತ್ತರವಾದದ್ದೆಂದು ತೋರಬಹುದು, ಅಷ್ಟೆ. ಒಳಹೊಕ್ಕರೆ ವಿಸ್ಮಯ. ಗೋಡೆಗಳ ಮೇಲೂ ಚಾವಣಿಯ ಮೇಲೂ ಇಟ್ಟಿಗೆಯ ಜೋಡಣೆಯನ್ನು ಬಣ್ಣದಿಂದ ಬರೆದಿದ್ದಾರೆ! ಇಟ್ಟಿಗೆಯ ಗೋಡೆಗೆ ಗಾರೆಯನ್ನು ಬಳಿದು, ಗಾರೆಯ ಮೇಲೆ ಇಟ್ಟಿಗೆಯ ಚಿತ್ರ. ಮುಂದಿನ ಕಾಲದ ಸುಣ್ಣದ ಕೆಳಗೆ ಮರೆಯಾಗಿದ್ದ ಈ ವರ್ಣವಿನ್ಯಾಸವು ಇಪ್ಪತ್ತನೆಯ ಶತಮಾನದ ಜೀರ್ಣೋದ್ಧಾರದಿಂದ ಮತ್ತೆ ಕಾಣಿಸಿಕೊಂಡಿತು.

ಇಟ್ಟಿಗೆಯನ್ನು ಪ್ರಾಮಾಣಿಕತೆಯ ಸಂಕೇತವೆಂದು ಹೊಗಳುವವರು ಈ ಒಂದು ಒಳಾಂಗಣಕ್ಕೆ ಏನು ಉತ್ತರ ಹೇಳುವರು? ನಿಜದ ಇಟ್ಟಿಗೆಯನ್ನು ಮುಚ್ಚಿ ಸುಳ್ಳಿನ ಇಟ್ಟಿಗೆಯನ್ನು ತೋರಿಸಿದ್ದಾರಲ್ಲ! ಆದರೆ ಇದನ್ನು ಕೇವಲ ವ್ಯಾಜವೆಂದು ತಳ್ಳಿಬಿಡುವುದೂ ಅವಸರದ ಮಾತಾದೀತು. ಬಡವನು ಗಿಲೀಟು ಬಳಿದು ಚಿನ್ನವೆನ್ನುವುದು ಬೇರೆ; ಚಿನ್ನಕ್ಕೇ ಚಿನ್ನದ ಬಣ್ಣ ಕೊಡುವುದು ಬೇರೆ. ಇಲ್ಲಿನ ವರ್ಣಕಾರನು ಅಮೃತಶಿಲೆಯನ್ನು ಬರೆಯಲಿಲ್ಲ, ಫ್ರಾನ್ಸಿನ ಬಿಳಿಗಲ್ಲನ್ನು ಬರೆಯಲಿಲ್ಲ. ಬರೆಯಲು ಅಡ್ಡಿಯೇನೂ ಇರಲಿಲ್ಲ. ಬಣ್ಣಕ್ಕೆ ಕಲ್ಲೂ ಒಂದೇ, ಇಟ್ಟಿಗೆಯೂ ಒಂದೇ. ಆದರೂ ಅವನು ತನ್ನ ಊರಿನ ಇಟ್ಟಿಗೆಯನ್ನೇ ಆರಿಸಿಕೊಂಡು, ಆವಿಗೆಯಲ್ಲಿ ಸೊಟ್ಟಗಾಗದ, ಬಣ್ಣ ಹೆಚ್ಚುಕಡಿಮೆಯಾಗದ, ಸಂದು ತಪ್ಪದ ಇಟ್ಟಿಗೆಯನ್ನಾಗಿ ಅದನ್ನು ಬರೆದನು. ನಮ್ಮ ಅಲಂಕಾರಶಾಸ್ತ್ರದಲ್ಲಿ ಸ್ವಭಾವೋಕ್ತಿಯ ವಿಷಯವಾಗಿ ಒಂದು ಹಳೆಯ ವಾದವಿದೆ. ದಂಡಿಯು ಅದನ್ನು ಅಲಂಕಾರಗಳಲ್ಲಿ ಮೊದಲನೆಯದಾಗಿ ಎಣಿಸಿದನು. ಕುಂತಕನಾದರೋ ವಸ್ತುವಿನ ಸ್ವಭಾವವು ಅಲಂಕಾರವನ್ನು ತೊಡಬೇಕಾದ ಶರೀರವಾಗಿರುವುದರಿಂದ ಶರೀರವೇ ಆಭರಣವಾಗಲಾರದೆಂದು ಖಂಡಿಸಿದನು. ಪಾಠಶಾಲೆಯ ದಿನಗಳಿಂದಲೂ ನಾನು ಕುಂತಕನ ಕಡೆಯವನು. ಆದರೂ ಜೇರೈಪಿನ ಚಿತ್ರಪಟವನ್ನು ನೋಡಿದಾಗಲೆಲ್ಲ ದಂಡಿಯ ಪಕ್ಷಕ್ಕೆ ಒಂದು ಸಾಕ್ಷಿ ದೊರೆತಂತೆ ಭಾಸವಾಗುವುದನ್ನು ಮುಚ್ಚಿಡಲಾರೆ. ಗೋಡೆಯು ಇಲ್ಲಿ ಗೋಡೆಯನ್ನೇ ಒಡವೆಯಾಗಿ ತೊಟ್ಟುಕೊಂಡಿದೆ. ಒಂದು ದೇಸಿಯು ತನ್ನ ವಸ್ತುವಿನ ವಿಷಯದಲ್ಲಿ ನಾಚಿಕೆಯನ್ನು ಬಿಟ್ಟಿತೆಂಬುದಕ್ಕೆ ಇದಕ್ಕಿಂತ ಬಲವಾದ ಪ್ರಮಾಣ ನನಗೆ ಬೇರೆಲ್ಲಿಯೂ ದೊರಕಲಿಲ್ಲ.

ಉಟ್ರೆಕ್ಟ್ ಪಟ್ಟಣದ ಕಥೆ ಬೇರೆ. ಇಲ್ಲಿ ಬಿಷಪ್ಪನ ಪೀಠವಿತ್ತು, ಧನವಿತ್ತು, ಫ್ರಾನ್ಸಿನ ಮಾರ್ಗವನ್ನು ಅದರ ಎತ್ತರದಲ್ಲಿಯೇ ಸಾಧಿಸಬೇಕೆಂಬ ಹಟವಿತ್ತು. 1254ರಲ್ಲಿ ಮಹಾಮಂದಿರದ ಹೊಸ ಕಟ್ಟಡ ಆರಂಭವಾಯಿತು. 1321ರಲ್ಲಿ ಅದರ ಪಶ್ಚಿಮಕ್ಕೆ ಗೋಪುರಕ್ಕೆ ಅಸ್ತಿಭಾರ ಹಾಕಿದರು. 1382ರಲ್ಲಿ ಅದು ಮುಗಿಯಿತು. ಸುಮಾರು 112 ಮೀಟರು ಎತ್ತರವಿರುವ ಇದು ಇಂದಿಗೂ ಆ ದೇಶದ ಇಗರ್ಜಿಯ ಗೋಪುರಗಳಲ್ಲೆಲ್ಲ ಉನ್ನತವಾದದ್ದು. ಕೆಳಗಿನ ಎರಡು ಚೌಕಭಾಗಗಳು ಇಟ್ಟಿಗೆಯವು. ಅವುಗಳ ಮೇಲೆ ಎಂಟು ಮೂಲೆಯ, ನಾಲ್ದೆಸೆಗೂ ತೆರೆದ, ನಸುಬಣ್ಣದ ಕಲ್ಲಿನ ಶಿಖರಭಾಗ. ಕೆಳಗಿನದು ಗಂಭೀರವಾದ ಗದ್ಯ, ಮೇಲಿನದು ಲಲಿತವಾದ ಪದ್ಯ. ಚಂಪೂಕಾವ್ಯವನ್ನು ಓದಿದವರಿಗೆ ಈ ಕೂಟ ಅಪರಿಚಿತವಲ್ಲ. ಪಂಪನು ದೇಸಿಯನ್ನೂ ಮಾರ್ಗವನ್ನೂ ಕೂಡಿಸಬೇಕೆಂದು ಹೇಳಿದ್ದು ಕಾವ್ಯಕ್ಕೆ. ಇಟ್ಟಿಗೆಯ ಗಡಸು ಹೊರೆಯನ್ನು ಹೊತ್ತು ಕಲ್ಲಿನ ಬೆಡಗನ್ನು ಮೇಲಕ್ಕೆತ್ತಿ ಹಿಡಿದ ಈ ಗೋಪುರದಲ್ಲಿ ಆ ಕೂಡಿಕೆ ಕಟ್ಟಡವಾಗಿ ನಿಂತಿದೆ. ಆಮರ್ಸ್‌ಫೋರ್ಟ್, ರೇನೆನ್ ಮೊದಲಾದ ಊರುಗಳವರು ತಮ್ಮ ಗೋಪುರಗಳನ್ನು ಇದನ್ನೇ ಕಂಡು ಕಟ್ಟಿದರು.

ಆದರೆ ಗೋಪುರವು ಏಳುತ್ತಿದ್ದ ಕಾಲದಲ್ಲಿಯೇ ಅದನ್ನು ಖಂಡಿಸಿದವನೊಬ್ಬನಿದ್ದನು. ಡೆವೆಂಟರ್ ಪಟ್ಟಣದ ಗೇರ್ಟ್ ಗ್ರೋಟೆ (1340-1384) ಎಂಬ ಧರ್ಮಬೋಧಕನು ಉಟ್ರೆಕ್ಟಿನ ಗೋಪುರದ ವಿರುದ್ಧವಾಗಿಯೇ ಲ್ಯಾಟಿನ್ ಭಾಷೆಯಲ್ಲಿ ಒಂದು ಪ್ರಬಂಧವನ್ನು ಬರೆದನು. ಇಷ್ಟು ಎತ್ತರವು ಯಾವ ಪ್ರಯೋಜನಕ್ಕೂ ಅಲ್ಲ, ಇದು ಅಹಂಕಾರದ ಫಲ ಎಂಬುದು ಅವನ ವಾದದ ಮುಖ್ಯಾಂಶ. ಗೋಪುರದ ಕಾಲದ ಗೋಪುರವಿಮರ್ಶೆ ಹೀಗೆ ಉಳಿದುಬರುವುದು ಅಪೂರ್ವ. ನನ್ನ ಮಟ್ಟಿಗೆ ಅವನ ಪಕ್ಷದಲ್ಲಿ ಅರ್ಧ ಸತ್ಯವಿದೆ. ಉಟ್ರೆಕ್ಟಿನವರ ಶಕ್ತಿಯನ್ನು ಮೀರಿದ್ದು ಗೋಪುರವಲ್ಲ, ಮಂದಿರ. ಹಣ ಸಾಲದೆ ಮಂದಿರದ ನಡುಶಾಲೆಗೆ ಯೋಜಿಸಿದ್ದ ಕಲ್ಲಿನ ಚಾವಣಿಯನ್ನೂ ಹೊರಗಿನ ಹಾರುಗಮಾನುಗಳನ್ನೂ ಬಿಟ್ಟುಬಿಟ್ಟರು. ಮಾರ್ಗದ ರೂಪವನ್ನು ತೆಗೆದುಕೊಂಡು ಅದರ ಅಂಗಗಳನ್ನು ಬಿಟ್ಟರೆ ಗತಿಯೇನು? 1674ರ ಆಗಸ್ಟ್ 1ರಂದು ಬೀಸಿದ ಭಯಂಕರವಾದ ಬಿರುಗಾಳಿಗೆ ಆ ನಡುಶಾಲೆ ಉರುಳಿತು. ಇಟ್ಟಿಗೆಯ ಗೋಪುರ ಅಲುಗಲಿಲ್ಲ. ಬಿದ್ದ ಕಲ್ಲಿನ ರಾಶಿಯನ್ನು 1826ರವರೆಗೂ ಪೂರ್ತಿಯಾಗಿ ತೆಗೆಯಲಿಲ್ಲವೆಂದರೆ ನಂಬುವುದು ಕಷ್ಟ. ಇಂದು ಗೋಪುರ ಒಂದೆಡೆ, ಮಂದಿರದ ಉಳಿದ ಭಾಗ ಮತ್ತೊಂದೆಡೆ. ನಡುವೆ ಜನರು ಓಡಾಡುವ ಬಯಲು.

ಹಾಲೆಂಡಿನ ಕರಾವಳಿಯ ಪಟ್ಟಣಗಳ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಅಲ್ಲಿ ನೆಲ ಇನ್ನೂ ಮೆತ್ತಗಿನದು. ಡೆಲ್ಫ್ಟಿನ ಹಳೆಯ ಇಗರ್ಜಿಯ 75 ಮೀಟರಿನ ಇಟ್ಟಿಗೆಗೋಪುರವು, ಮುಚ್ಚಿದ ಕಾಲುವೆಯ ಮೇಲೆ ನಿಂತದ್ದರಿಂದ, ಮೇಲ್ತುದಿಯಲ್ಲಿ ಸುಮಾರು 2 ಮೀಟರಿನಷ್ಟು ವಾಲಿದೆ. ಹಾರ್ಲೆಮಿನ ದೊಡ್ಡ ಇಗರ್ಜಿಯಲ್ಲಿ ಕಲ್ಲಿನ ಗೋಪುರವನ್ನು ಕಟ್ಟಿ, ಕೆಳಗಿನ ಕಂಬಗಳು ಹೊರಲಾರವೆಂದು ಅದನ್ನು ಇಳಿಸಿ, 1520ರ ಸುಮಾರಿಗೆ ಸೀಸ ಹೊದಿಸಿದ ಮರದ ಗೋಪುರವನ್ನು ಏರಿಸಿದರು. ಇಲ್ಲಿನವರು ಒಳಚಾವಣಿಗೂ ಮರವನ್ನೇ ಹೆಚ್ಚಾಗಿ ಬಳಸಿದರು. ಕೆಲವು ಕಡೆ ಅದು ಬೋರಲು ಹಾಕಿದ ದೋಣಿಯ ಹೊಟ್ಟೆಯಂತೆ ಕಾಣುವುದು. ಹಡಗು ಕಟ್ಟುವ ಜನಕ್ಕೆ ಇದು ಸಹಜವೂ ಸುಂದರವೂ ಆದ ಪರಿಹಾರ. ಇಟ್ಟಿಗೆಗೆ ಇಲ್ಲಿ ಎರಡನೆಯ ಸ್ಥಾನ. ದಕ್ಷಿಣದ ಕೆಂಪೆನ್ ಸೀಮೆಯಲ್ಲಿ ಹಿಲ್ವರೆನ್‌ಬೇಕ್, ಓಯಿರ್ಸ್ಕೋಟ್ ಮುಂತಾದ ಊರುಗಳ ಗೋಪುರಗಳು ಇಟ್ಟಿಗೆಯವೇ. ಮೂಲೆಗಳಿಗೆ ದಪ್ಪನಾದ ಆಸರೆಗಳು, ನಡುವೆ ಅಂತಸ್ತಿನ ಮೇಲೆ ಅಂತಸ್ತಾಗಿ ಉದ್ದುದ್ದನೆಯ ಗೂಡುಗಳು. ದೂರದಿಂದ ಬಯಲಿನಲ್ಲಿ ಕಂಡಾಗ ಇವು ಗಂಭೀರ. ಸಮೀಪದಿಂದ ನೋಡಿದರೆ ಗ್ರೋನಿಂಗೆನ್ನಿನ ಗೋಡೆಗಳಲ್ಲಿರುವ ಸರಸತೆ ಕಾಣುವುದಿಲ್ಲ.

ಮನೆಗಳ ಮುಖಗಳಿಗೂ ಈ ದೇಸಿ ಹಬ್ಬಿತು. ಇಟ್ಟಿಗೆಯನ್ನು ಓರೆಯಾಗಿ ಕತ್ತರಿಸುವುದು ಶ್ರಮವೂ ನಷ್ಟವೂ ಆದುದರಿಂದ ಇಳಿಜಾರಾದ ಮೇಲ್ಮುಖವನ್ನು ಮೆಟ್ಟಿಲುಮೆಟ್ಟಿಲಾಗಿ ಇಳಿಸಿದರು. ಇಂದು ನಾವು ಡಚ್ಚರ ಮನೆಯೆಂದು ಚಿತ್ರಗಳಲ್ಲಿ ಗುರುತಿಸುವ ಆಕಾರ ಹೀಗೆ ಬಂದದ್ದು. ಕೆಂಪು ಇಟ್ಟಿಗೆಯ ನಡುನಡುವೆ ಬಿಳಿಗಲ್ಲಿನ ಪಟ್ಟಿಗಳನ್ನು ಇಡುವ ಪದ್ಧತಿಯೂ ಉಂಟು. ಅದಕ್ಕೆ ಅವರು ಇಟ್ಟಿರುವ ಹೆಸರು ಹಂದಿಮಾಂಸದ ಕೊಬ್ಬಿನ ಪದರಕ್ಕೆ ಸಂಬಂಧಿಸಿದ್ದು. ನಾವಾಗಿದ್ದರೆ ವಿಭೂತಿಪಟ್ಟೆ ಎನ್ನುತ್ತಿದ್ದೆವು. ಉಪಮಾನವು ಆಯಾ ಊರಿನ ಅಡುಗೆಮನೆಯಿಂದ ಬರುವುದು ಸ್ವಾಭಾವಿಕವೇ.

ಮತಕ್ರಾಂತಿಯು ಈ ಇಗರ್ಜಿಗಳ ಒಳಗನ್ನು ಬದಲಾಯಿಸಿತು. 1566ರಲ್ಲಿ ವಿಗ್ರಹಭಂಜಕರ ಗುಂಪುಗಳು ಹಲವು ಪಟ್ಟಣಗಳಲ್ಲಿ ಪ್ರತಿಮೆಗಳನ್ನು ಒಡೆದವು. 1594ರಲ್ಲಿ ಗ್ರೋನಿಂಗೆನ್ ಪಟ್ಟಣ ಪ್ರೊಟೆಸ್ಟಂಟರ ವಶವಾಯಿತು. ಚಿತ್ರಗಳ ಮೇಲೆ ಸುಣ್ಣ ಹರಿಯಿತು. ಪೀಟರ್ ಸಾನ್ರೆಡಾಮ್ (1597-1665) ಎಂಬ ಚಿತ್ರಕಾರನು ಆ ಬೆಳ್ಳಗಿನ ಒಳಾಂಗಣಗಳನ್ನು ಎಷ್ಟು ಪ್ರಶಾಂತವಾಗಿ ಬರೆದನೆಂದರೆ, ಅವು ಮೊದಲಿನಿಂದಲೂ ಹಾಗೆಯೇ ಇದ್ದವೆಂಬ ಭ್ರಾಂತಿ ನೋಡುವವರಿಗೆ ಹುಟ್ಟುವುದು. ಹತ್ತೊಂಬತ್ತನೆಯ ಶತಮಾನದಲ್ಲಿ ಇದಕ್ಕೆ ಪ್ರತಿಯಾದ ಭ್ರಾಂತಿ ಹುಟ್ಟಿತು. ಪಿಯೆರ್ ಕಾಯ್ಪರ್ಸ್ (1827-1921) ಎಂಬ ವಾಸ್ತುಶಿಲ್ಪಿಯು ಆಮ್‌ಸ್ಟರ್‌ಡಾಮಿನಲ್ಲಿ 1885ರಲ್ಲಿ ತೆರೆದ ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನೂ 1889ರಲ್ಲಿ ತೆರೆದ ರೈಲ್ವೆ ನಿಲ್ದಾಣವನ್ನೂ ಇಟ್ಟಿಗೆಯಿಂದಲೇ ಕಟ್ಟಿ, ಹಳೆಯ ಇಗರ್ಜಿಗಳ ಜೀರ್ಣೋದ್ಧಾರವನ್ನೂ ಕೈಗೊಂಡನು. ಅವನ ಪ್ರತಿಭೆ ನಿಸ್ಸಂಶಯವಾದದ್ದು. ಆದರೆ ಫ್ರಾನ್ಸಿನ ವಿಯೊಲೆ-ಲ-ದ್ಯೂಕನ ಮತವನ್ನು ಅನುಸರಿಸಿ, ಕಟ್ಟಡವನ್ನು ಅದು ಯಾವ ಕಾಲದಲ್ಲಿಯೂ ಇದ್ದಿರದ ಪೂರ್ಣಸ್ಥಿತಿಗೆ ತರುವ ಹವ್ಯಾಸ ಅವನಿಗಿತ್ತು. ಪಾಠಾಂತರಗಳನ್ನು ಅಳಿಸಿ ಗ್ರಂಥವನ್ನು ತಿದ್ದಿ ಅಚ್ಚುಹಾಕುವ ಸಂಪಾದಕರನ್ನು ನಾವೂ ಬಲ್ಲೆವು. ಇಟ್ಟಿಗೆ ಬೆತ್ತಲೆಯಾಗಿದ್ದರೆ ಮಾತ್ರ ಸತ್ಯ, ಗಾರೆ ಬಣ್ಣಗಳೆಲ್ಲ ಮಿಥ್ಯ ಎಂಬ ಹೊಸ ಕಾಲದ ನಂಬಿಕೆಯನ್ನು ಇಟ್ಟಿಗೆ ಕಟ್ಟಿದ ಮಧ್ಯಯುಗದವರ ಮೇಲೆ ಹೊರಿಸುವುದು ಸರಿಯಲ್ಲವೆಂಬುದಕ್ಕೆ ಜೇರೈಪಿನ ಗೋಡೆಗಳೇ ಸಾಕ್ಷಿ.

ಈ ವಿಚಾರವೆಲ್ಲ ಕೇವಲ ಪಂಡಿತರ ಕಾಲಕ್ಷೇಪವಲ್ಲ. ಗ್ರೋನಿಂಗೆನ್ನಿನ ಇಗರ್ಜಿಗಳು ನಮ್ಮ ಕಾಲದಲ್ಲಿಯೇ ಆಪತ್ತಿಗೆ ಸಿಕ್ಕಿದವು. 1959ರಲ್ಲಿ ಸ್ಲೋಕ್ಟರೆನ್ ಎಂಬಲ್ಲಿ ಭೂಗರ್ಭದಲ್ಲಿ ಅಪಾರವಾದ ಅನಿಲದ ನಿಕ್ಷೇಪ ದೊರೆಯಿತು. 1963ರಿಂದ ಅದನ್ನು ತೆಗೆಯತೊಡಗಿದರು. ದೇಶಕ್ಕೆ ಐಶ್ವರ್ಯ ಬಂದಿತು. ಅನಿಲ ಹೊರಟುಹೋದಂತೆ ಆಳದ ಬಂಡೆ ಕುಗ್ಗಿ, ಎಂದೂ ಭೂಕಂಪವನ್ನು ಕಾಣದಿದ್ದ ಸೀಮೆಯಲ್ಲಿ ನೆಲ ನಡುಗತೊಡಗಿತು. 2012ರ ಆಗಸ್ಟ್ 16ರಂದು ಹಾಯ್ಜಿಂಗೆಯ ಬಳಿ 3.6 ಪ್ರಮಾಣದ ಕಂಪನವಾಯಿತು. 2018ರ ಜನವರಿ 8ರಂದು ಜೇರೈಪಿನ ಬಳಿ 3.4 ಪ್ರಮಾಣದ್ದು. ಸಂಖ್ಯೆ ಸಣ್ಣದೆಂದು ಕಡೆಗಣಿಸಬಾರದು. ಸುಮಾರು 3 ಕಿಲೋಮೀಟರು ಆಳದಲ್ಲಿ ಮಾತ್ರ ಹುಟ್ಟುವ ಈ ಕಂಪನಗಳು ಮೇಲಿನ ಮೆತ್ತಗಿನ ಜೇಡಿಯಲ್ಲಿ ಇನ್ನೂ ಹೆಚ್ಚಿ, ಗೋಡೆಗಳನ್ನು ಅಡ್ಡಡ್ಡಲಾಗಿ ಎಳೆದಾಡುವುವು. ಈ ಇಗರ್ಜಿಗಳ ದಪ್ಪಗೋಡೆಗಳು ಹಲವೆಡೆ ಎರಡು ಇಟ್ಟಿಗೆಯ ಪದರಗಳನ್ನು ಎಬ್ಬಿಸಿ ನಡುವೆ ಚೂರುಪಾರುಗಳನ್ನೂ ಗಾರೆಯನ್ನೂ ತುಂಬಿ ಕಟ್ಟಿದವು. ಮೇಲಿನಿಂದ ಬರುವ ಭಾರಕ್ಕೆ ಅವು ಏಳುನೂರು ವರ್ಷ ಎದೆಗೊಟ್ಟವು. ಪಕ್ಕದಿಂದ ಬರುವ ಸೆಳೆತಕ್ಕೆ ಕಟ್ಟಿದವರು ಸಿದ್ಧಮಾಡಿರಲಿಲ್ಲ. ಮನೆಗಳೂ ಇಗರ್ಜಿಗಳೂ ಬಿರುಕುಬಿಟ್ಟವು. ಆ ಸೀಮೆಯ ಜನರ ಹಿತವನ್ನು ದೀರ್ಘಕಾಲ ಅಲಕ್ಷ್ಯಮಾಡಲಾಯಿತೆಂದು ಅಲ್ಲಿನ ಸಂಸತ್ತಿನ ವಿಚಾರಣಾ ಸಮಿತಿಯೇ 2023ರ ಫೆಬ್ರವರಿಯಲ್ಲಿ ವರದಿ ಕೊಟ್ಟಿತು. ಅದೇ ವರ್ಷದ ಅಕ್ಟೋಬರ್ 1ರಂದು ಅನಿಲ ತೆಗೆಯುವುದನ್ನು ನಿಲ್ಲಿಸಿದರು. 2024ರಲ್ಲಿ ಕಾನೂನಿನಿಂದಲೇ ಅದನ್ನು ಮುಚ್ಚಿದರು. ಆದರೆ ಬಾವಿಯನ್ನು ಮುಚ್ಚಿದೊಡನೆಯೇ ಭೂಮಿ ಸುಮ್ಮನಾಗುವುದಿಲ್ಲವೆಂದು ತಜ್ಞರು ಹೇಳುವರು.

1969ರಲ್ಲಿ ಸ್ಥಾಪಿತವಾದ ಹಳೆಯ ಗ್ರೋನಿಂಗೆನ್ ಇಗರ್ಜಿಗಳ ಪ್ರತಿಷ್ಠಾನವು ಇಂಥ ನೂರರ ಸುಮಾರು ಇಗರ್ಜಿಗಳನ್ನು ನೋಡಿಕೊಳ್ಳುತ್ತಿರುವುದು. ದುರಸ್ತಿಯ ಕೆಲಸದಲ್ಲಿ ಏಳುವ ಪ್ರಶ್ನೆ ವಿಮರ್ಶೆಯ ಪ್ರಶ್ನೆಯೇ ಆಗಿದೆ: ಈ ಗೋಡೆಯಲ್ಲಿ ಉಳಿಸಬೇಕಾದದ್ದು ಯಾವುದು, ಮಣ್ಣಿನ ಇಟ್ಟಿಗೆಯೋ, ಅದರ ಮೇಲಿನ ರೂಪವೋ? ಇಟ್ಟಿಗೆಯ ಗೋಡೆ ಬಿರಿಯುವಾಗ ಬಿರುಕು ಸಾಮಾನ್ಯವಾಗಿ ಸಂದುಗಳನ್ನು ಹಿಡಿದು ಮೆಟ್ಟಿಲುಮೆಟ್ಟಿಲಾಗಿ ಏರುವುದು. ಜೇರೈಪಿನಂಥ ಗೋಡೆಯಲ್ಲಿ ಬಿರುಕು ಬಿಟ್ಟರೆ ಅದು ಹುಡುಕುವುದು ಒಳಗಿನ ನಿಜವಾದ ಸಂದನ್ನೇ ಹೊರತು ಬಣ್ಣದ ಸಂದನ್ನಲ್ಲ. ಬರೆದ ಇಟ್ಟಿಗೆಯನ್ನು ನಡುವೆಯೇ ಸೀಳಿಕೊಂಡು ಹೋಗುವುದು. ಗಾರೆಯನ್ನು ತುಂಬಿದ ಮೇಲೆ ಆ ಜಾಗದಲ್ಲಿ ಬಣ್ಣದ ಗೆರೆಯನ್ನು ಮತ್ತೆ ಎಳೆಯಬೇಕೆ, ಬಿಳಿದಾಗಿ ಬಿಡಬೇಕೆ? ಬೆತ್ತಲೆ ಇಟ್ಟಿಗೆಯ ಪಕ್ಷದವರು ಬಿಡಬೇಕೆನ್ನುವರು. ಗಾಯವನ್ನು ಮರೆಮಾಚುವುದು ಸುಳ್ಳೆಂದು ಅವರ ವಾದ. ನನ್ನ ಮತದಲ್ಲಿ ಎಳೆಯಬೇಕು, ಮೊದಲಿನವನು ಬಳಸಿದಂಥ ಬಣ್ಣದಿಂದಲೇ, ಸಂದಿನ ಅಗಲವನ್ನೂ ಅಳೆದುಕೊಂಡು. ಒಳಗಿನ ಇಟ್ಟಿಗೆ ಸೊಟ್ಟಗಿದ್ದುದರಿಂದ ತಾನೆ ಅವನೂ ಕುಂಚವನ್ನು ಎತ್ತಿಕೊಂಡದ್ದು?